ಕಾರಿಗೆ ಹೊಸ ಟೈರ್: ಅಂಗಡಿಗೆ ಹೋಗುವ ಮೊದಲು ಏನು ನೋಡಬೇಕು, ಹೋದ ಮೇಲೆ ಏನು ಕೇಳಬೇಕು

ಟೈರ್ ಅಂಗಡಿಗೆ ಕಾಲಿಟ್ಟ ತಕ್ಷಣ ಬರುವ ಪ್ರಶ್ನೆ ಒಂದೇ. "ಯಾವ ಕಂಪನಿದು ಹಾಕ್ಲಿ ಸಾರ್?" ನಾವೂ ಅಲ್ಲಿಂದಲೇ ಶುರು ಮಾಡುತ್ತೇವೆ. ಎಂಆರ್‌ಎಫ್ ಚೆನ್ನಾಗಿದೆಯಾ, ಅಪೊಲೊ ಚೆನ್ನಾಗಿದೆಯಾ, ಮಿಶೆಲಿನ್‌ಗೆ ಅಷ್ಟು ದುಡ್ಡು ಸುರಿಯಬೇಕಾ? ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅಳತೆ ಏನು, ಎಷ್ಟು ಭಾರ ಹೊರಬೇಕು, ನೀವು ಓಡಾಡುವ ರಸ್ತೆ ಎಂಥದ್ದು, ಟೈರ್ ಯಾವಾಗ ತಯಾರಾಗಿದ್ದು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಂಡರೆ, ಕಂಪನಿ ಆಯ್ಕೆ ಎರಡು ಮೂರು ಹೆಸರಿಗೆ ಇಳಿಯುತ್ತದೆ. ಆಮೇಲೆ ಚೌಕಾಸಿ ಮಾಡುವುದೂ ಸುಲಭ.

ಟೈರ್ ನಿಜವಾಗಲೂ ಮುಗಿದಿದೆಯಾ?

ಸರ್ವಿಸ್ ಸೆಂಟರ್‌ನವರು "ಟೈರ್ ಚೇಂಜ್ ಮಾಡ್ಬೇಕು" ಅಂದರು ಅಂತ ಓಡಬೇಡಿ. ನೀವೇ ಬಗ್ಗಿ ನೋಡಿ. ಟೈರಿನ ಸುತ್ತ ಉದ್ದಕ್ಕೆ ಓಡುವ ಗ್ರೂವ್‌ಗಳಿವೆಯಲ್ಲ, ಅವುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಎಲ್ಲಿವೆ ಅಂತ ತೋರಿಸಲು ಟೈರಿನ ಬದಿಯಲ್ಲಿ ಟಿಡಬ್ಲ್ಯೂಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಆ ದಿಣ್ಣೆಯ ಎತ್ತರ 1.6 ಮಿಲಿಮೀಟರ್. ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಭಾಗ, ಸವೆದು ದಿಣ್ಣೆಗೆ ಸಮನಾಯಿತು ಅಂದರೆ ಆ ಟೈರಿನ ಕಥೆ ಮುಗಿಯಿತು. ಹೊಸ ಟೈರ್‌ನಲ್ಲಿ ಗ್ರೂವ್ ಆಳ ಹೆಚ್ಚುಕಮ್ಮಿ 7ರಿಂದ 8 ಮಿಲಿಮೀಟರ್ ಇರುತ್ತದೆ.

ಆದರೆ 1.6 ಅನ್ನುವುದು ಕೊನೆಯ ಗಡಿ. ಅಲ್ಲಿವರೆಗೆ ಕಾಯಲೇಬೇಕು ಅಂತೇನಿಲ್ಲ. ಗ್ರೂವ್ ಇರುವುದೇ ರಸ್ತೆಯ ಮೇಲಿನ ನೀರನ್ನು ಟೈರಿನ ಅಡಿಯಿಂದ ಆಚೆ ತಳ್ಳಲು. ಆಳ ಕಮ್ಮಿಯಾದಷ್ಟೂ ತಳ್ಳುವ ನೀರು ಕಮ್ಮಿ. ಒಂದು ಹಂತದಲ್ಲಿ ಟೈರ್ ರಸ್ತೆ ಬಿಟ್ಟು ನೀರಿನ ಪದರದ ಮೇಲೆ ತೇಲಲು ಶುರುವಾಗುತ್ತದೆ. ಆಗ ಬ್ರೇಕ್ ಒತ್ತಿದರೂ ಸ್ಟಿಯರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ನೀವು ಉಡುಪಿ, ಮಂಗಳೂರು, ಶಿವಮೊಗ್ಗ, ಕೊಡಗಿನ ಕಡೆಯವರಾದರೆ, ಅಥವಾ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವವರಾದರೆ, 3 ಮಿಲಿಮೀಟರ್‌ಗೆ ಬಂದ ಟೈರನ್ನು ಮೇ ತಿಂಗಳಲ್ಲೇ ಬದಲಿಸಿ. ಆಳ ಅಳೆಯುವ ಪುಟ್ಟ ಗೇಜ್ ಸಿಗುತ್ತದೆ. ಅದಕ್ಕೆ ದೊಡ್ಡ ದುಡ್ಡೇನೂ ಆಗುವುದಿಲ್ಲ. ಒಂದು ಟೈರನ್ನು ಮೂರು ಕಡೆ ಅಳೆಯಿರಿ: ಒಳ ಅಂಚು, ನಡು, ಹೊರ ಅಂಚು.

ಟ್ರೆಡ್ ಚೆನ್ನಾಗಿದ್ದರೂ ಬದಲಿಸಬೇಕಾದ ಸಂದರ್ಭಗಳಿವೆ. ಬದಿಯಲ್ಲಿ ಮೊಟ್ಟೆಯಂತೆ ಉಬ್ಬು ಬಂದಿದ್ದರೆ ಒಳಗಿನ ನೂಲುಗಳು ತುಂಡಾಗಿವೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ. ಆ ಟೈರಿನಲ್ಲಿ ಹೈವೇಗೆ ಹೋಗಲೇಬೇಡಿ. ಬದಿಯಲ್ಲಿ ಮೊಳೆ ಚುಚ್ಚಿದ್ದರೂ ಅಷ್ಟೇ, ಪಂಕ್ಚರ್ ಹಾಕಿಸಿಕೊಂಡು ಓಡಾಡುವಂತಿಲ್ಲ. ಪಂಕ್ಚರ್ ರಿಪೇರಿ ಏನಿದ್ದರೂ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಇನ್ನು ವಯಸ್ಸು. ಮನೆಯಿಂದ ಆಫೀಸು, ಆಫೀಸಿನಿಂದ ಮನೆ ಅಂತ ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ ಕಾರಿನಲ್ಲಿ ಟ್ರೆಡ್ ಸವೆಯುವುದೇ ಇಲ್ಲ. ರಬ್ಬರ್ ಮಾತ್ರ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. 5 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿರುಕು ಬಿಟ್ಟಿದೆಯಾ ನೋಡಿಸಿ. ಹತ್ತು ವರ್ಷ ಅಂತೂ ದಾಟಿಸಲೇಬೇಡಿ. ನಾನಾದರೆ ಏಳನೇ ವರ್ಷಕ್ಕೇ ಕೈಬಿಡುತ್ತೇನೆ.

ಹಳೇ ಟೈರ್ ಏನು ಹೇಳುತ್ತಿದೆ?

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಕಾರಿನಲ್ಲಿ ಏನು ತೊಂದರೆ ಇದೆ ಅಂತ ಹಳೇ ಟೈರೇ ಹೇಳುತ್ತದೆ, ಚಪ್ಪಲಿ ಸವೆತ ನೋಡಿದರೆ ನಡಿಗೆ ಗೊತ್ತಾಗುವ ಹಾಗೆ. ಆ ತೊಂದರೆ ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಡು ಮಾತ್ರ ಜಾಸ್ತಿ ಸವೆದಿದ್ದರೆ ಗಾಳಿ ಹೆಚ್ಚಾಗಿ ತುಂಬಿಸುತ್ತಿದ್ದೀರಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟುಕೊಂಡು ಓಡಿಸಿದ್ದೀರಿ. ಒಂದೇ ಅಂಚು ಬೋಳಾಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ಕೆಟ್ಟಿದೆ. ಇದು ಹೆಚ್ಚಾಗಿ ಒಳ ಅಂಚಿನಲ್ಲೇ ಆಗುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಕೈ ಒಳಗೆ ಹಾಕಿ ಸವರಿ ನೋಡಬೇಕು, ಇಲ್ಲಾಂದರೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನೋಡಬೇಕು. ಟೈರ್ ಮೇಲೆ ಅಲ್ಲಲ್ಲಿ ಹಳ್ಳ ದಿಣ್ಣೆ ಇದ್ದು, ಓಡುವಾಗ ಗುಂಯ್ ಅಂತ ಸದ್ದು ಬರುತ್ತಿದ್ದರೆ ಶಾಕ್ ಅಬ್ಸಾರ್ಬರ್, ಬುಷ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಕಡೆ ಅನುಮಾನಪಡಬೇಕು. ಸಸ್ಪೆನ್ಷನ್ ಕೆಲಸ ಇದ್ದರೆ ಅದನ್ನು ಮೊದಲು ಮಾಡಿಸಿ. ಒಂದು ವಾರ ತಡವಾಗಿ ಟೈರ್ ಹಾಕಿಸಿದರೆ ಗಂಟೇನೂ ಹೋಗುವುದಿಲ್ಲ.

ನಾಲ್ಕು ಟೈರೂ ಸಮನಾಗಿ ಸವೆದು, 40-50 ಸಾವಿರ ಕಿಲೋಮೀಟರ್ ಓಡಿದ್ದರೆ, ಗಲಾಟೆ ಮಾಡದೆ ಅದೇ ಮಾಡೆಲ್ ಮತ್ತೆ ಹಾಕಿಸುವುದೂ ಒಳ್ಳೆಯ ಆಯ್ಕೆಯೇ. ಹೊಸದೇ ಬೇಕು ಅನ್ನುವುದಕ್ಕೆ ಕಾರಣ ಇರಬೇಕಲ್ವಾ?

ಅಳತೆ ಓದುವುದು

ಟೈರಿನ ಬದಿಯಲ್ಲಿ 185/65 ಆರ್15 88ಎಚ್ ಅಂತ ಇದೆ ಅಂದುಕೊಳ್ಳಿ. 185 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಅಂದರೆ ಟೈರಿನ ಬದಿಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಹೆಚ್ಚುಕಮ್ಮಿ 120 ಮಿಲಿಮೀಟರ್. ಆರ್ ಅಂದರೆ ರೇಡಿಯಲ್, ಒಳಗಿನ ನೂಲುಗಳನ್ನು ಜೋಡಿಸಿದ ರೀತಿ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಭಾರದ ಸೂಚ್ಯಂಕ, ಅಂದರೆ ಒಂದು ಟೈರ್ 560 ಕೆಜಿ ಹೊರಬಹುದು. ಎಚ್ ವೇಗದ ಗುರುತು, ಗಂಟೆಗೆ 210 ಕಿಲೋಮೀಟರ್‌ವರೆಗೆ. ಎಸ್ ಇದ್ದರೆ 180, ಟಿ ಇದ್ದರೆ 190, ವಿ ಇದ್ದರೆ 240.

"ನಾನು ನೂರರ ಮೇಲೆ ಓಡಿಸುವುದೇ ಇಲ್ಲ, ಎಚ್ ಯಾಕೆ?" ಅಂತ ಕೇಳುವವರಿದ್ದಾರೆ. ವೇಗದ ಗುರುತು ಬರೀ ವೇಗದ್ದಲ್ಲ. ಬಿಸಿಯನ್ನು ತಡೆಯುವ ಶಕ್ತಿಯೂ ಅದರಲ್ಲಿ ಸೇರಿದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಐದು ಜನ, ಡಿಕ್ಕಿ ತುಂಬ ಲಗೇಜು, ರಾಯಚೂರಿನ ರಸ್ತೆ. ಅಂಥ ಹೊತ್ತಲ್ಲಿ ಆ ಹೆಚ್ಚುವರಿ ಶಕ್ತಿ ಬೇಕಾಗುತ್ತದೆ. ಭಾರ ಮತ್ತು ವೇಗದ ಗುರುತು ಕಾರ್ ಕಂಪನಿ ಹೇಳಿದ್ದಕ್ಕಿಂತ ಮೇಲಿದ್ದರೆ ಪರವಾಗಿಲ್ಲ, ಕೆಳಗೆ ಇಳಿಸಬಾರದು.

ಸರಿಯಾದ ಅಳತೆ ಯಾವುದು ಅಂತ ಈಗ ಹಾಕಿರುವ ಟೈರ್ ನೋಡಿ ನಿರ್ಧರಿಸಬೇಡಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಅಳತೆಯೂ ಗಾಳಿಯ ಲೆಕ್ಕವೂ ಇದೆ. ಅಲ್ಲಿ ಇಲ್ಲದಿದ್ದರೆ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಗುರುತು ಎಕ್ಸ್‌ಎಲ್. ಅದೇ ಅಳತೆಯಲ್ಲಿ ಹೆಚ್ಚು ಭಾರ ಹೊರುವ ಟೈರ್ ಅಂತ ಅರ್ಥ. ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರು ಇದನ್ನು ಮರೆಯಬಾರದು. ಬ್ಯಾಟರಿ ತೂಕದಿಂದ ಆ ಕಾರುಗಳು ಭಾರ ಜಾಸ್ತಿ. ಜೊತೆಗೆ ಆಕ್ಸಿಲರೇಟರ್ ತುಳಿದ ತಕ್ಷಣ ಪೂರ್ತಿ ಎಳೆತ ಸಿಗುವುದರಿಂದ ಟೈರ್ ಬೇಗ ಸವೆಯುತ್ತದೆ.

ಅಗಲದ ಟೈರ್ ಹಾಕಿಸಲಾ?

ಈ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಮೊದಲು ಲೆಕ್ಕ ನೋಡೋಣ. ಮಾರುತಿ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾಡೆಲ್‌ಗಳಿಗೆ 165/80 ಆರ್14 ಬಂತು, ಮೇಲಿನ ಮಾಡೆಲ್‌ಗಳಿಗೆ 185/65 ಆರ್15. ನೋಡಲು ಬೇರೆ ಬೇರೆ. ಒಟ್ಟು ಎತ್ತರ ಲೆಕ್ಕ ಹಾಕಿ: ರಿಮ್ಮಿನ ವ್ಯಾಸಕ್ಕೆ ಬದಿಯ ಎತ್ತರವನ್ನು ಎರಡು ಸಲ ಕೂಡಿಸಬೇಕು. ಮೊದಲನೆಯದು ಸುಮಾರು 620 ಮಿಲಿಮೀಟರ್, ಎರಡನೆಯದು ಸುಮಾರು 622. ವ್ಯತ್ಯಾಸ ಎರಡೇ ಮಿಲಿಮೀಟರ್! ರಿಮ್ ದೊಡ್ಡದಾದರೂ ಒಟ್ಟು ಎತ್ತರ ಬದಲಾಗದ ಹಾಗೆ ಕಾರ್ ಕಂಪನಿ ನೋಡಿಕೊಂಡಿದೆ. ಸ್ಪೀಡೋಮೀಟರ್, ಎಬಿಎಸ್, ಗೇರುಗಳ ಲೆಕ್ಕ ಎಲ್ಲವೂ ಆ ಎತ್ತರವನ್ನೇ ನಂಬಿಕೊಂಡಿವೆ.

ಅದೇ 15 ಇಂಚಿನ ರಿಮ್ಮಿಗೆ 195/65 ಹಾಕಿಸಿದರೆ ಎತ್ತರ 634ಕ್ಕೆ ಹೋಗುತ್ತದೆ. ನೂರಕ್ಕೆ ಎರಡು ಭಾಗ ಜಾಸ್ತಿ. 195/60 ಹಾಕಿಸಿದರೆ 615, ನೂರಕ್ಕೆ ಒಂದು ಭಾಗ ಕಮ್ಮಿ. ಅಂಗಡಿಯವರು "ಒನ್ ಸೈಜ್ ಅಪ್ ಸಾರ್, ಏನೂ ಆಗಲ್ಲ" ಅಂದಾಗ ಈ ಲೆಕ್ಕ ಮಾಡಿಕೊಳ್ಳಿ. ಎರಡರ ಮೇಲೆ ಹೋದರೆ ಬೇಡ ಅನ್ನಿ.

ಲೆಕ್ಕ ಸರಿ ಬಂದರೂ ನನ್ನ ಸಲಹೆ, ಕಂಪನಿ ಕೊಟ್ಟ ಅಗಲದಲ್ಲೇ ಇರಿ. ಅಗಲ ಜಾಸ್ತಿಯಾದರೆ ಒಣ ರಸ್ತೆಯಲ್ಲಿ ಹಿಡಿತ ಸ್ವಲ್ಪ ಸಿಗುತ್ತದೆ ನಿಜ. ಆದರೆ ಸ್ಟಿಯರಿಂಗ್ ಭಾರವಾಗುತ್ತದೆ, ಮೈಲೇಜ್ ಇಳಿಯುತ್ತದೆ, ನಿಂತ ನೀರಿನಲ್ಲಿ ತೇಲುವ ಅಪಾಯ ಹೆಚ್ಚುತ್ತದೆ. ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ತಾಗಿ ಕರ್ರ್ ಅನ್ನುವುದೂ ಉಂಟು. ದೊಡ್ಡ ರಿಮ್, ಸಣ್ಣ ಬದಿ ಹಾಕಿಸುವವರಿಗೆ ಬೆಂಗಳೂರಿನ ಗುಂಡಿಗಳು ಬುದ್ಧಿ ಕಲಿಸುತ್ತವೆ. 50, 55ರ ಬದಿ ಇರುವ ಟೈರಿನಲ್ಲಿ ಗುಂಡಿಯ ಪೆಟ್ಟನ್ನು ತಡೆಯಲು ರಬ್ಬರೇ ಇರುವುದಿಲ್ಲ. ಪೆಟ್ಟು ನೇರ ರಿಮ್ಮಿಗೆ ಹೋಗುತ್ತದೆ, ಟೈರಿಗೆ ಉಬ್ಬು ಬರುತ್ತದೆ. ಈ ಖರ್ಚಿಗೆ ವಿಮೆಯೂ ಕೈಹಿಡಿಯುವುದಿಲ್ಲ. ಸಾಮಾನ್ಯ ಮೋಟಾರು ವಿಮೆಯಲ್ಲಿ ಕಾರಿಗೂ ಅದೇ ವೇಳೆ ಪೆಟ್ಟಾಗಿದ್ದರೆ ಮಾತ್ರ ಟೈರಿಗೆ ದುಡ್ಡು, ಅದೂ ಅರ್ಧ. ಟೈರೊಂದೇ ಹಾಳಾದರೆ ಏನೂ ಇಲ್ಲ. ಬೇಕಾದರೆ ಬೇರೆಯಾಗಿ ಟೈರ್ ಕವರ್ ತೆಗೆದುಕೊಳ್ಳಬೇಕು.

ನಾಲ್ಕಾ, ಎರಡಾ, ಒಂದಾ?

ದುಡ್ಡಿದ್ದರೆ ನಾಲ್ಕೂ ಒಟ್ಟಿಗೆ, ಒಂದೇ ಮಾಡೆಲ್. ಇಲ್ಲದಿದ್ದರೆ ಎರಡು. ಒಂದೇ ಒಂದನ್ನು ಬದಲಿಸುವುದು ಉಳಿದ ಮೂರೂ ಬಹುತೇಕ ಹೊಸದಾಗಿದ್ದಾಗ ಮಾತ್ರ. ಒಂದೇ ಆಕ್ಸಲ್‌ನ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಟೈರ್ ಹಾಕಬಾರದು. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಕಾರಾದರೆ ನಾಲ್ಕೂ ಒಂದೇ ಮಟ್ಟಕ್ಕೆ ಸವೆದಿರಬೇಕು, ಇಲ್ಲವಾದರೆ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ.

ಎರಡು ಹೊಸ ಟೈರ್ ಕೊಂಡರೆ ಎಲ್ಲಿ ಹಾಕಿಸಬೇಕು? ಇಲ್ಲಿ ಜಗಳ ಶುರು. ಹತ್ತು ಅಂಗಡಿಯಲ್ಲಿ ಎಂಟು ಕಡೆ "ಫ್ರಂಟ್ ವೀಲ್ ಡ್ರೈವ್ ಗಾಡಿ ಸಾರ್, ಹೊಸದು ಮುಂದೆನೇ" ಅನ್ನುತ್ತಾರೆ. ತಪ್ಪು. ಹೊಸದು ಹಿಂದಕ್ಕೆ ಹೋಗಬೇಕು. ಟೈರ್ ಕಂಪನಿಗಳು ಹೇಳುವುದೂ ಇದನ್ನೇ.

ಯಾಕೆ ಅಂತ ನೋಡಿ. ನೀರು ತುಂಬಿದ ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ಬಿಟ್ಟರೆ ಸ್ಟಿಯರಿಂಗ್ ಹಗುರವಾಗುತ್ತದೆ, ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ನಿಮಗೆ ತಕ್ಷಣ ಗೊತ್ತಾಗುತ್ತದೆ, ಕಾಲು ತೆಗೆಯುತ್ತೀರಿ, ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಟೈರ್ ಹಿಡಿತ ಬಿಟ್ಟರೆ ಹಾಗಲ್ಲ. ಕಾರಿನ ಹಿಂಭಾಗ ಬೀಸಿಕೊಂಡು ಬಂದು ಗಾಡಿ ಗರ್ರನೆ ತಿರುಗುತ್ತದೆ. ಮುನ್ಸೂಚನೆ ಇಲ್ಲ. ಗಾಬರಿಯಲ್ಲಿ ಕಾಲು ತೆಗೆದರೆ, ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ. ನಮ್ಮ ನಿಮ್ಮಂಥ ಡ್ರೈವರ್‌ಗಳ ಕೈಲಿ ಅದನ್ನು ಸರಿಮಾಡಲು ಆಗುವುದಿಲ್ಲ. ಆದ್ದರಿಂದ ಹಿಂದೆ ಇದ್ದ ಅರೆ ಸವೆದ ಟೈರುಗಳನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕಿಸಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ನಿಮ್ಮ ರಸ್ತೆ ಯಾವುದು?

ಒಂದು ಟೈರಿನಲ್ಲಿ ಎಲ್ಲವೂ ಸಿಗುವುದಿಲ್ಲ. ರಬ್ಬರ್ ಗಟ್ಟಿಯಿದ್ದರೆ ಬಹಳ ದಿನ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ. ಮೆತ್ತಗಿದ್ದರೆ ಹಿಡಿತ ಚೆನ್ನ, ಸವೆತ ಬೇಗ. ಮೈಲೇಜ್‌ಗಾಗಿಯೇ ಮಾಡಿದ ಟೈರ್ ಹಗುರವಾಗಿ ಉರುಳುತ್ತದೆ, ಗುಂಡಿಗೆ ಅಷ್ಟು ಗಟ್ಟಿ ಇರದೆ ಹೋಗಬಹುದು. ಒಳ್ಳೆಯ ಕಂಪನಿಗಳು ಈ ಎಳೆದಾಟವನ್ನು ಸ್ವಲ್ಪ ಜಾಣತನದಿಂದ ನಿಭಾಯಿಸುತ್ತವೆ ಅಷ್ಟೇ. ಹಾಗಾಗಿ "ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ?" ಅನ್ನುವ ಒಂದೇ ಪ್ರಶ್ನೆ ಇಟ್ಟುಕೊಂಡು ಹೋದರೆ, ಅಂಗಡಿಯವರು ಇರುವುದರಲ್ಲೇ ಅತಿ ಗಟ್ಟಿ ರಬ್ಬರನ್ನು ಕೊಟ್ಟು ಕಳಿಸುತ್ತಾರೆ. ಕರಾವಳಿಯವರಿಗೆ ಅದು ಒಳ್ಳೆಯ ವ್ಯಾಪಾರ ಅಲ್ಲ.

ಕರಾವಳಿ ಮಲೆನಾಡಿನವರು ಮೊದಲು ಕೇಳಬೇಕಾದದ್ದು ಒದ್ದೆ ರಸ್ತೆಯ ಹಿಡಿತ. ಉದ್ದಕ್ಕೆ ಮೂರೋ ನಾಲ್ಕೋ ಅಗಲವಾದ ಗ್ರೂವ್ ಇರುವ ಟೈರ್ ನೋಡಿ. ಮಳೆಗಾಲದಲ್ಲಿ ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಹತ್ತು ಸಾವಿರ ಕಿಲೋಮೀಟರ್ ಹೆಚ್ಚಿನ ಬಾಳಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಸಮಸ್ಯೆ ಬಿಸಿಯದ್ದು. ಟೈರ್ ಸಿಡಿಯುವುದಕ್ಕೆ ಹೆಚ್ಚಾಗಿ ಕಾರಣ ಬಿಸಿಲು ಒಂದೇ ಅಲ್ಲ. ಗಾಳಿ ಕಮ್ಮಿ, ಭಾರ ಜಾಸ್ತಿ, ವೇಗ, ಮುದಿ ರಬ್ಬರ್, ಇವೆಲ್ಲ ಸೇರಿದಾಗ ಸಿಡಿಯುತ್ತದೆ. ಗಾಳಿ ಕಮ್ಮಿಯಾದ ಟೈರಿನ ಬದಿ ಪ್ರತಿ ಸುತ್ತಿಗೂ ಮಡಚಿಕೊಂಡು ಒಳಗಿನಿಂದಲೇ ಕಾಯುತ್ತದೆ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ ಅಂತ ಬೇಕೆಂದೇ ನಾಲ್ಕು ಪಾಯಿಂಟ್ ಕಮ್ಮಿ ಹಾಕಿಸುವವರು ಅಪಾಯವನ್ನು ತಾವೇ ಕರೆದುಕೊಂಡಂತೆ. ಕೆಲವು ಟೈರಿನ ಮೇಲೆ ಟೆಂಪರೇಚರ್ ಎ, ಬಿ, ಸಿ ಅಂತ ಗುರುತು ಇರುತ್ತದೆ. ಈ ಕಡೆಯವರಿಗೆ ಎ ಇರಲಿ.

ದಿನವೂ ಬೆಂಗಳೂರು ಟ್ರಾಫಿಕ್‌ನಲ್ಲಿ ಓಡಾಡುವವರಿಗೆ ಬದಿ ಗಟ್ಟಿ ಇರಬೇಕು, ಕುಲುಕಾಟ ಕಮ್ಮಿ ಇರಬೇಕು. ಹೈವೇ ಓಡಾಟ ಜಾಸ್ತಿ ಇದ್ದರೆ ಸದ್ದಿನ ಬಗ್ಗೆ ಕೇಳಿ. ಕಾಂಕ್ರೀಟ್ ರಸ್ತೆಯಲ್ಲಿ ಕೆಲವು ಟೈರ್‌ಗಳ ಸದ್ದಿಗೆ ಹಾಡು ಕೇಳಿಸುವುದಿಲ್ಲ.

ಇನ್ನು ಆಲ್ ಟೆರೇನ್ ಟೈರ್. ದಪ್ಪ ದಪ್ಪ ಬ್ಲಾಕ್, ನೋಡಲು ಗತ್ತು. ಚಿಕ್ಕಮಗಳೂರು, ಸಕಲೇಶಪುರದಲ್ಲಿ ತೋಟಕ್ಕೆ ಕೆಸರಿನ ದಾರಿಯಲ್ಲಿ ದಿನಾ ಹೋಗುವವರಿಗೆ ಅದು ಬೇಕು. ಟಾರು ರಸ್ತೆಯಲ್ಲೇ ನಂದಿ ಬೆಟ್ಟ ಹತ್ತಿ ಕಾಫಿ ಕುಡಿದು ಬರುವವರಿಗೆ ಬೇಡ. ಸದ್ದು ಜಾಸ್ತಿ, ಮೈಲೇಜ್ ಕಮ್ಮಿ, ಒದ್ದೆ ಟಾರಿನ ಮೇಲೆ ಬ್ರೇಕ್ ಹಾಕಿದಾಗ ಮಾಮೂಲಿ ಟೈರ್‌ಗಿಂತ ಹಿಂದೆ.

ಜರ್ಮನಿಯಂಥ ಹಿಮದ ಊರಿನಲ್ಲಿರುವ ಕನ್ನಡಿಗರಿಗೆ ಈ ಭಾಗ ಅನ್ವಯಿಸುವುದಿಲ್ಲ. ಅಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಟೈರ್ ಮೇಲೆ ಇದೆಯಾ ಅನ್ನುವುದೇ ಚಳಿಗಾಲದ ಮೊದಲ ಪ್ರಶ್ನೆ.

ಈಗ ಕಂಪನಿ, ಬೆಲೆ

ಇಲ್ಲಿ ತಯಾರಾಗಿ ಎಲ್ಲ ಕಡೆ ಸಿಗುವ ಹೆಸರುಗಳು ನಿಮಗೆ ಗೊತ್ತೇ ಇವೆ: ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಡ್ಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ. ಜೆಕೆಗೆ ನಮ್ಮ ಮೈಸೂರಿನ ನಂಟೂ ಇದೆ. ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಟೈರ್ಸ್ 1997ರಲ್ಲಿ ಅವರ ಕೈಗೆ ಹೋಯಿತು, ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಆದರೆ ಕಂಪನಿ ನೋಡಿ ಕೊಳ್ಳುವುದಕ್ಕಿಂತ ಮಾಡೆಲ್ ನೋಡಿ ಕೊಳ್ಳಬೇಕು. ಒಂದೇ ಕಂಪನಿಯಲ್ಲಿ ಟ್ಯಾಕ್ಸಿಯವರಿಗೆ ಅಂತ ಬಾಳಿಕೆಯ ಮಾಡೆಲ್ ಇರುತ್ತದೆ, ಮೆತ್ತನೆ ಓಟದ್ದು ಬೇರೆ ಇರುತ್ತದೆ, ಹಿಡಿತದ್ದು ಇನ್ನೊಂದು. "ಅಪೊಲೊ ಕೊಡಿ" ಅಂದರೆ ಇವುಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು.

ಐಎಸ್‌ಐ ಗುರುತು ಇರಲೇಬೇಕು, ಅದು ಕಡ್ಡಾಯ. ಕೆಲವು ಟೈರ್‌ಗಳ ಮೇಲೆ ಫ್ರಿಜ್ಜಿನ ಮೇಲಿರುವಂಥ ನಕ್ಷತ್ರದ ಲೇಬಲ್ ಬರುತ್ತಿದೆ. ಅದು ಇಂಧನ ಉಳಿತಾಯದ ಗುರುತು. ನಕ್ಷತ್ರ ಜಾಸ್ತಿ ಇದ್ದ ಮಾತ್ರಕ್ಕೆ ಮಳೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ.

ಬೆಲೆ ಕೇಳುವಾಗ ಮೂರು ಕಡೆ ವಿಚಾರಿಸಿ: ಕಂಪನಿಯ ಶೋರೂಂ, ಊರಿನ ದೊಡ್ಡ ಟೈರ್ ಅಂಗಡಿ, ಆನ್‌ಲೈನ್. ಹೊಸ ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಎಂಆರ್‌ಪಿ ತೋರಿಸಿ "ಇಷ್ಟು ಡಿಸ್ಕೌಂಟ್ ಕೊಟ್ಟಿದೀನಿ" ಅಂದರೆ ನಗಬೇಕು ಅಷ್ಟೇ. ಕೇಳಬೇಕಾದದ್ದು ಕೈಗೆ ಬರುವ ಒಟ್ಟು ಬೆಲೆ: ಟೈರ್, ತೆರಿಗೆ, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅದಕ್ಕೆ ಹಾಕುವ ತೂಕದ ತುಂಡುಗಳು, ಹೊಸ ವಾಲ್ವ್, ಅಲೈನ್‌ಮೆಂಟ್ ಎಲ್ಲ ಸೇರಿ. ಹಳೇ ಟೈರಿಗೆ ಎಷ್ಟು ಕಳೆಯುತ್ತಾರೆ ಅಂತಲೂ ಆಗಲೇ ಕೇಳಿ. ಗುಂಡಿಗೆ ಬಿದ್ದು ಉಬ್ಬು ಬಂದರೂ ಬದಲಿಸಿಕೊಡುವ ವಾರಂಟಿ ಕೆಲವು ಮಾಡೆಲ್‌ಗಳಿಗೆ ಇರುತ್ತದೆ. ಇದ್ದರೆ, ಕೊಂಡ ಕೂಡಲೇ ನೋಂದಾಯಿಸಬೇಕಾ ಅಂತ ಕೇಳಿ ಅಲ್ಲೇ ಮಾಡಿಸಿಬಿಡಿ.

ಸೆಕೆಂಡ್ ಹ್ಯಾಂಡ್ ಟೈರ್ ಬಗ್ಗೆ ಎರಡು ಮಾತು. ಹೊಸ ಕಾರು ಕೊಂಡ ದಿನವೇ ಮಾಲೀಕರು ಬಿಚ್ಚಿಸಿದ ಟೈರ್ ಸಿಕ್ಕರೆ, ತಾರೀಖು ಸರಿ ಇದ್ದು ಒಳಗೆ ಪ್ಯಾಚ್ ಇಲ್ಲದಿದ್ದರೆ, ಕೊಳ್ಳಬಹುದು. ಉಳಿದದ್ದೆಲ್ಲ ಬೇಡ. ಬೋಳು ಟೈರಿಗೆ ಬಿಸಿ ಬ್ಲೇಡಿನಿಂದ ಗ್ರೂವ್ ಕೊರೆದು, ಕಪ್ಪು ಪಾಲಿಶ್ ಹೊಡೆದು ಮಾರುವವರಿದ್ದಾರೆ. ಗ್ರೂವ್ ತಳದ ಆ ಸಣ್ಣ ದಿಣ್ಣೆಗಳು ಕಾಣದಿದ್ದರೆ ಅಥವಾ ತುಂಡಾಗಿದ್ದರೆ ಅದು ಕೊರೆದ ಟೈರ್. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ತಾರೀಖು ನೋಡದೆ ಹಾಕಿಸಬೇಡಿ

ಟೈರಿನ ಬದಿಯಲ್ಲಿ ಡಿಒಟಿ ಅಂತ ಶುರುವಾಗುವ ಉದ್ದನೆಯ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2325 ಅಂತ ಇದ್ದರೆ 2025ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು. ಈ ನಾಲ್ಕು ಅಂಕಿ ಒಂದೇ ಬದಿಯಲ್ಲಿ ಇರಬಹುದು, ಕಾಣದಿದ್ದರೆ ಟೈರ್ ತಿರುಗಿಸಿ. ಆರು ತಿಂಗಳೊಳಗಿನದಾದರೆ ಚೆನ್ನ. ನೆರಳಿನಲ್ಲಿ ಇಟ್ಟಿದ್ದರೆ ಒಂದು ವರ್ಷದ್ದೂ ಕೆಟ್ಟಿರುವುದಿಲ್ಲ, ಆದರೆ ಬೆಲೆ ಇಳಿಸಲು ಹೇಳಿ. ಅದಕ್ಕಿಂತ ಹಳೆಯದಾದರೆ ಬೇರೆ ತರಿಸಿ ಅನ್ನಿ. ಅಂಗಡಿಯ ಹೊರಗೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಟೈರನ್ನಂತೂ ಮುಟ್ಟಬೇಡಿ. ನಾಲ್ಕರ ತಾರೀಖನ್ನೂ ನೋಡಿ. ಮೂರು ಹೊಸದು ತೋರಿಸಿ ನಾಲ್ಕನೆಯದನ್ನು ಹಳೇ ಸ್ಟಾಕ್‌ನಿಂದ ತೆಗೆಯುವುದು ಅಪರೂಪವೇನಲ್ಲ. ರಿಮ್ಮಿಗೆ ಏರಿಸಿದ ಮೇಲೆ ವಾಪಸ್ ಮಾಡುವುದು ಕಷ್ಟ.

ಫಿಟ್ಟಿಂಗ್ ಆಗುವಾಗ ಪಕ್ಕದಲ್ಲೇ ನಿಲ್ಲಿ

ಕಾಫಿಗೆ ಆಮೇಲೆ ಹೋಗಬಹುದು. ಹಳೇ ರಬ್ಬರ್ ವಾಲ್ವ್ ಕಿತ್ತು ಹೊಸದು ಹಾಕಲಿ. ರಿಮ್ಮಿನ ಅಂಚಿನಲ್ಲಿ ತುಕ್ಕು, ಮಣ್ಣು ಇದ್ದರೆ ಉಜ್ಜಿ ತೆಗೆಯಲಿ, ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಧಾನವಾಗಿ ಸೋರುವುದು ಅಲ್ಲಿಂದಲೇ. ಟೈರ್ ಮೇಲೆ ಬಾಣದ ಗುರುತಿದ್ದರೆ ಚಕ್ರ ಆ ದಿಕ್ಕಿಗೇ ತಿರುಗಬೇಕು. ಔಟ್‌ಸೈಡ್ ಅಂತ ಬರೆದಿದ್ದರೆ ಆ ಬದಿ ಹೊರಗೆ ಕಾಣಬೇಕು. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ, ಅದು ವಾಲ್ವ್ ಪಕ್ಕಕ್ಕೇ ಬರುವಂತೆ ಕೂರಿಸಿದರೆ ಬ್ಯಾಲೆನ್ಸಿಂಗ್‌ಗೆ ತೂಕ ಕಮ್ಮಿ ಸಾಕು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಕೊನೆಗೆ ಎರಡೂ ಕಡೆ ಸೊನ್ನೆ ಬರಬೇಕು.

ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಎದುರು ಬದುರಾಗಿ ಬಿಗಿಸುತ್ತಾ ಬರಬೇಕು. ಗಾಳಿ ಗನ್ನಿನಲ್ಲಿ ಗರ್ರ್ ಅನ್ನಿಸಿ ಬಿಟ್ಟರೆ ನಡುರಸ್ತೆಯಲ್ಲಿ ಪಂಕ್ಚರ್ ಆದ ದಿನ ನಿಮ್ಮ ಕೈಲಿ ನಟ್ ಬಿಚ್ಚಲು ಆಗುವುದಿಲ್ಲ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರ್‌ನಲ್ಲಿ, ಆಗಲಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮತ್ತೆ ನೋಡಿಸಿ.

ಗಾಳಿ ಬಾಗಿಲಿನ ಸ್ಟಿಕ್ಕರ್‌ನಲ್ಲಿ ಇದ್ದಷ್ಟೇ. ಎಲ್ಲ ಕಾರಿಗೂ ಒಂದೇ 35 ಹಾಕುವ ಅಭ್ಯಾಸ ಅಂಗಡಿಗಳಲ್ಲಿ ಇದೆ. ನೈಟ್ರೋಜನ್ ಬಿಟ್ಟಿ ಕೊಟ್ಟರೆ ಹಾಕಿಸಿಕೊಳ್ಳಿ, ದುಡ್ಡು ಕೊಡಬೇಡಿ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ಆಮೇಲಿನ ಅಂಕಿಗಳ ಪ್ರಿಂಟ್ ಕೇಳಿ. ಬಿಲ್ಲಿನಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿ, ವಾರಂಟಿಗೆ ಅದೇ ಆಧಾರ.

ಹಾಕಿಸಿದ ಮೇಲೆ

ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ. ಅಚ್ಚಿನಿಂದ ಬಿಡಿಸಲು ಹಚ್ಚಿದ ಪದಾರ್ಥ ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಸವೆಯುವವರೆಗೆ ಹಿಡಿತ ಪೂರ್ತಿ ಸಿಗುವುದಿಲ್ಲ. ತಿಂಗಳಿಗೊಮ್ಮೆ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಪೆಟ್ರೋಲ್ ಬಂಕಿನಲ್ಲಿ ಇದು ಉಚಿತ. ದೂರ ಓಡಿ ಬಿಸಿಯಾದ ಟೈರಿನಲ್ಲಿ ಎರಡು ಮೂರು ಪಾಯಿಂಟ್ ಜಾಸ್ತಿ ತೋರಿಸುವುದು ಸಹಜ, ಆಗ ಗಾಳಿ ಬಿಡಬೇಡಿ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿಸಿ.

ಸ್ಟೆಪ್ನಿಯನ್ನೂ ಇದೇ ಹೊತ್ತಲ್ಲಿ ಹೊರಗೆ ತೆಗೆದು ನೋಡಿ. ವರ್ಷಗಟ್ಟಲೆ ಡಿಕ್ಕಿಯಲ್ಲಿ ಮಲಗಿದ್ದರೂ ಅದಕ್ಕೂ ವಯಸ್ಸಾಗಿರುತ್ತದೆ, ಗಾಳಿಯೂ ಇಳಿದಿರುತ್ತದೆ. ಅಳತೆ ಒಂದೇ ಆಗಿದ್ದರೆ, ತೆಗೆದ ನಾಲ್ಕರಲ್ಲಿ ಚೆನ್ನಾಗಿರುವುದನ್ನು ಸ್ಟೆಪ್ನಿ ಮಾಡಿಸಿ. ಸಣ್ಣ ಸ್ಟೆಪ್ನಿ ಇರುವ ಕಾರಾದರೆ ಅದರ ಮೇಲೆ ಬರೆದ ವೇಗದ ಮಿತಿ ನೆನಪಿರಲಿ, ಸಾಮಾನ್ಯವಾಗಿ 80. 2020ರ ನಂತರ ಬಂದ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಟೈರ್ ಒತ್ತಡದ ಸೆನ್ಸರ್ ಮತ್ತು ಪಂಕ್ಚರ್ ಕಿಟ್ ಇದ್ದರೆ ಸಾಕು ಅಂತ ನಿಯಮ ಬದಲಾಗಿದೆ. ಆ ಕಿಟ್ಟಿನ ದ್ರವಕ್ಕೂ ಕೊನೆಯ ದಿನಾಂಕ ಇರುತ್ತದೆ, ನೋಡಿ.

ಉಳಿದ ಹಳೇ ಟೈರ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಯಾವುದಕ್ಕಾದರೂ ಬೇಕಾಗುತ್ತದೆ ಅಂತ ಮನೆಗೆ ತಂದು ತಾರಸಿಯ ಮೂಲೆಯಲ್ಲಿ ಇಟ್ಟರೆ ಮೊದಲ ಮಳೆಗೇ ಒಳಗೆ ನೀರು ನಿಲ್ಲುತ್ತದೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಸಾಕು. ಮಕ್ಕಳಿಗೆ ಉಯ್ಯಾಲೆ ಕಟ್ಟಲೋ ಗಿಡ ನೆಡಲೋ ಒಂದು ತಂದೇ ತರುತ್ತೀರಿ ಅಂದರೆ, ನೀರು ಇಳಿದುಹೋಗುವಂತೆ ತಳಕ್ಕೆ ನಾಲ್ಕೈದು ತೂತು ಕೊರೆಸಿ.